ಗಡಿನಾಡ ಉತ್ಸವಕ್ಕೆ ಮುಖ್ಯ ಅತಿಥಿ ಬೇಡ, ಊರು ಬೇಕು

ಕಾಸರಗೋಡಿನಲ್ಲಿ ಕನ್ನಡದ ಉತ್ಸವಗಳನ್ನು ನಡೆಸುವವರಿಗೂ ಅವುಗಳಿಗೆ ಅನುದಾನ ಮಂಜೂರು ಮಾಡುವವರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ಮಳೆಗಾಲ ಕಳೆದು ಅಂಗಳದಲ್ಲಿ ಅಡಿಕೆ ಹರಡುವ ಹೊತ್ತಿಗೆ ಕಾಸರಗೋಡಿನಲ್ಲಿ ಉತ್ಸವಗಳ ಕಾಲವೂ ಶುರುವಾಗುತ್ತದೆ. ಗಡಿನಾಡ ಉತ್ಸವ, ನುಡಿಹಬ್ಬ, ಸಾಂಸ್ಕೃತಿಕ ಸಂಭ್ರಮ ಎಂದು ಹೆಸರು ಏನೇ ಇರಲಿ, ನವೆಂಬರಿನಿಂದ ಫೆಬ್ರವರಿಯವರೆಗೆ ಭಾನುವಾರ ಬಂತೆಂದರೆ ಮಂಜೇಶ್ವರದಿಂದ ಹೊಸದುರ್ಗದವರೆಗಿನ ಯಾವುದಾದರೊಂದು ಸಭಾಭವನದಲ್ಲಿ ದೀಪ ಬೆಳಗುತ್ತದೆ, ನಾಡಗೀತೆ ಕೇಳಿಸುತ್ತದೆ. ಮೂವತ್ತು ವರ್ಷ ಕನ್ನಡ ಅಧ್ಯಾಪಕನಾಗಿದ್ದು ನಿವೃತ್ತನಾದ ನಾನು ಈ ಉತ್ಸವಗಳಿಗೆ ಮಕ್ಕಳನ್ನು ಕರೆತಂದಿದ್ದೇನೆ, ಸ್ವಾಗತ ಭಾಷಣ ಮಾಡಿದ್ದೇನೆ, ಸಮಿತಿಯಲ್ಲಿದ್ದು ಶಾಮಿಯಾನದ ಲೆಕ್ಕ ಬರೆದಿದ್ದೇನೆ, ಈಚೆಗೆ ಬರಿಯ ಸಭಿಕನಾಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೇನೆ. ಆದುದರಿಂದ ಮುಂದೆ ಬರೆಯುವ ದೂರುಗಳಲ್ಲಿ ನನ್ನ ಪಾಲೂ ಇದೆಯೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಈ ಸಲದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಇದು ತಮ್ಮ ಕೈ ಸೇರಲಿ ಎಂಬುದಷ್ಟೇ ಆಸೆ.

ನನ್ನ ಮಾತು ಇಷ್ಟೇ: ನಮ್ಮ ಗಡಿನಾಡ ಉತ್ಸವಗಳು ಗಡಿನಾಡಿನ ಚರಿತ್ರೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಆಚರಿಸುತ್ತಿವೆ. ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ನಡೆಯುವ ರಾಜ್ಯೋತ್ಸವಕ್ಕೂ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ನಡೆಯುವ ಉತ್ಸವಕ್ಕೂ ಫ್ಲೆಕ್ಸಿನ ಮೇಲಿನ ಊರಿನ ಹೆಸರಲ್ಲದೆ ಬೇರೆ ವ್ಯತ್ಯಾಸ ಕಾಣುವುದಿಲ್ಲ. ಅದೇ ಭುವನೇಶ್ವರಿಯ ಚಿತ್ರ, ಅದೇ ಹಳದಿ ಕೆಂಪು ಶಾಲು, ಅದೇ ಏಲಕ್ಕಿ ಹಾರ, ಅದೇ 'ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಿದ ನಿಮಗೆ ಕೋಟಿ ವಂದನೆಗಳು' ಎಂಬ ವಾಕ್ಯ. ಉಳಿಸಿದ್ದು ಹೇಗೆ, ಯಾರು, ಎಲ್ಲಿ ಎಂದು ಕೇಳಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಒಂದು ಸಂಜೆಯ ಸಂಗತಿಯನ್ನು ಹೇಳಬೇಕು. ಊರಿನ ಹೆಸರನ್ನೂ ಸಂಘದ ಹೆಸರನ್ನೂ ಬಿಟ್ಟಿದ್ದೇನೆ, ಏಕೆಂದರೆ ಇದು ಯಾವ ಊರಿನಲ್ಲಾದರೂ ನಡೆಯುವಂಥದ್ದೇ. ಸಂಜೆ ಆರಕ್ಕೆ ಯಕ್ಷಗಾನವೆಂದು ಪತ್ರಿಕೆಯಲ್ಲಿತ್ತು. ಮೂರು ಗಂಟೆಗೇ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಕುಳಿತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದದಿಂದ ಮುಖದ ಮೇಲೆ ಒಂದೊಂದೇ ಚಿಟ್ಟಿ ಇಡುವ ಕೆಲಸಕ್ಕೆ ಅವಸರ ಕೂಡದು. ಒಂದು ಸಾಲು ಒಣಗಿದ ಮೇಲೆಯೇ ಇನ್ನೊಂದು ಸಾಲು, ಅಷ್ಟರವರೆಗೆ ನಗಬಾರದು, ಮಾತಾಡಬಾರದು. ಆರಕ್ಕೆ ಅವರು ರಾವಣನಾಗಿ ಎದ್ದು ನಿಂತರು. ಸಭಾ ಕಾರ್ಯಕ್ರಮ ಆಗಷ್ಟೇ ಆರಂಭವಾಗಿತ್ತು. ದೂರದಿಂದ ಬಂದ ಅತಿಥಿಗಳು ಹನ್ನೊಂದು ಮಂದಿ. ಪ್ರತಿಯೊಬ್ಬರಿಗೂ ಶಾಲು, ಹಾರ, ಸ್ಮರಣಿಕೆ, ಪರಿಚಯ. ಒಂಬತ್ತೂವರೆಗೆ ಮೈಕು ಚೌಕಿಯ ಕಡೆ ತಿರುಗಿದಾಗ ಸಂಘಟಕರು ಭಾಗವತರ ಕಿವಿಯಲ್ಲಿ ಹೇಳಿದ್ದು, 'ಇಪ್ಪತ್ತು ನಿಮಿಷದಲ್ಲಿ ಮುಗಿಸಿಬಿಡಿ, ಶಾಮಿಯಾನದವರು ಕಾಯುತ್ತಿದ್ದಾರೆ.' ರಾವಣನ ಒಡ್ಡೋಲಗವೇ ಇಪ್ಪತ್ತು ನಿಮಿಷದ್ದು. ಅತಿಥಿಗಳ ಕಾರುಗಳು ಅಷ್ಟರಲ್ಲಿ ತಲಪಾಡಿಯ ರಾಜ್ಯ ಗಡಿ ದಾಟಿದ್ದವು. ಆ ವೇಷಧಾರಿ ಸಿಟ್ಟಾಗಲಿಲ್ಲ. ಕಲ್ಲಿನಂತಾಗಿದ್ದ ಚಿಟ್ಟಿಯನ್ನು ತೆಂಗಿನೆಣ್ಣೆ ಹಚ್ಚಿ ಬಿಡಿಸುತ್ತಾ, 'ಇಡಲು ಮೂರು ಗಂಟೆ ಬೇಕು ಮಾಷ್ಟ್ರೇ, ತೆಗೆಯಲು ಹತ್ತು ನಿಮಿಷ ಸಾಕು,' ಎಂದರು.

ಇದು ನಡೆದದ್ದು ಪಾರ್ತಿಸುಬ್ಬನ ಸೀಮೆಯಲ್ಲಿ. ಕುಂಬಳೆಯ ಕಣಿಪುರ ಗೋಪಾಲಕೃಷ್ಣನನ್ನು ನೆನೆದು ರಾಮಾಯಣವನ್ನು ಪ್ರಸಂಗಗಳಾಗಿ ಕಟ್ಟಿದ ಕವಿ ಅವನು. ಕಥಕಳಿಯ ಹಿಂದಿನ ರೂಪವಾದ ಮಲಯಾಳದ ರಾಮನಾಟ್ಟದಿಂದ ಅವನು ಎಷ್ಟು ಪಡೆದ, ಆ ಪ್ರಸಂಗಗಳಲ್ಲಿ ಅವನವು ಎಷ್ಟು ಎಂದು ನಮ್ಮ ಹಿರಿಯ ವಿದ್ವಾಂಸರು ದಶಕಗಳ ಕಾಲ ವಾದ ಮಾಡಿದ್ದಾರೆ. ಆ ವಾದದಲ್ಲಿ ಯಾರ ಪಕ್ಷವನ್ನು ಹಿಡಿದರೂ ಸರಿಯೇ. ಗಡಿನಾಡಿನವನಾದ ನನಗೆ ಅದು ಅವಮಾನದ ವಿಷಯವಾಗಿ ಎಂದೂ ಕಂಡಿಲ್ಲ. ಚಂದ್ರಗಿರಿ ಹೊಳೆಯ ಆಚೆ ದಡದಲ್ಲಿ ಕಥಕಳಿಯ ಆಟ್ಟಕಥೆ ಕುಣಿಯುತ್ತಿದ್ದಾಗ ಈಚೆ ದಡದ ಕವಿ ಕಿವಿ ಮುಚ್ಚಿಕೊಂಡು ಕೂತಿದ್ದ ಎಂದರೆ ನಂಬುವುದು ಕಷ್ಟ. ಗಡಿಯಲ್ಲಿ ಹುಟ್ಟಿದ ಕಲೆಯ ಕತೆಯೇ ಅದು. ಒಂದು ಉತ್ಸವದ ಇಡೀ ದಿನವನ್ನು ಈ ವಾದಕ್ಕೇ ಮೀಸಲಿಟ್ಟು, ಕಥಕಳಿಯವರನ್ನೂ ಯಕ್ಷಗಾನದವರನ್ನೂ ಒಂದೇ ರಂಗದ ಎರಡು ಬದಿಗೆ ಕರೆದು, ಒಂದೇ ಸೀತಾಪಹಾರವನ್ನು ಇಬ್ಬರಿಂದಲೂ ಆಡಿಸಿ ನೋಡಿದರೆ ಭಾಷಣಗಳಲ್ಲಿ ಸಿಗದ ಉತ್ತರ ಅಲ್ಲಿ ಸಿಕ್ಕೀತು. ನಾನು ಕಂಡಂತೆ ಯಾವ ಕಾರ್ಯಕ್ರಮ ಪಟ್ಟಿಯಲ್ಲೂ ಇಂಥದ್ದು ಬಂದಿಲ್ಲ.

ಗಡಿ ಎಂದೊಡನೆ ನಮ್ಮ ವೇದಿಕೆಗಳಿಗೆ ನೆನಪಾಗುವುದು 1956 ಒಂದೇ. ಅದರ ಮಾತಿಗೆ ಆಮೇಲೆ ಬರುತ್ತೇನೆ. ಅದಕ್ಕೆ ಮುನ್ನೂರು ವರ್ಷ ಮೊದಲೇ ಈ ನೆಲ ಒಂದು ಗಡಿಯಾಗಿತ್ತು ಎಂಬುದಕ್ಕೆ ಸಾಕ್ಷಿಗಳು ಮುರಕಲ್ಲಿನಲ್ಲಿ ನಿಂತಿವೆ. ಕೆಳದಿಯ ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಮಲೆನಾಡಿನ ರೈತನಿಗೆ ಅವನು ಭೂಕಂದಾಯದ 'ಶಿಸ್ತಿ'ನಿಂದ ಪರಿಚಿತ, ನಮಗೆ ಕೋಟೆಗಳಿಂದ. ಸುಮಾರು ನಲವತ್ತು ಎಕರೆಯ ಬೇಕಲ ಕೋಟೆಯನ್ನೂ ಹೊಳೆಯ ತೆಂಕಣ ದಡದ ಗುಡ್ಡದ ಮೇಲೆ ಕೂತಿರುವ ಚಂದ್ರಗಿರಿ ಕೋಟೆಯನ್ನೂ ಅವನ ಹೆಸರಿನೊಂದಿಗೇ ಹೇಳುವುದು ರೂಢಿ. ನೀಲೇಶ್ವರದ ಅರಸರೊಡನೆ ಕಾದಾಟ ನಡೆದ ಕಾಲದಲ್ಲಿ ಇನ್ನೂ ತೆಂಕಕ್ಕೆ ಹೊಸದುರ್ಗದ ಕೋಟೆ ಎದ್ದಿತು. ಅದನ್ನು ಕಟ್ಟಿಸಿದವನು ಸೋಮಶೇಖರ ನಾಯಕ. 1763ರಲ್ಲಿ ಹೈದರನು ಬಿದನೂರನ್ನು ಹಿಡಿದ ಮೇಲೆ ಈ ಕೋಟೆಗಳೂ ಮೈಸೂರಿನ ಕೈಗೆ ಬಂದವು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪೆನಿಯ ಕೈಗೆ. ಇಂದು ಬೇಕಲಕ್ಕೆ ಬರುವ ಬಹುಪಾಲು ಜನರಿಗೆ ಅದು ಯಾವುದೋ ಸಿನಿಮಾ ಹಾಡು ಚಿತ್ರೀಕರಣವಾದ ಜಾಗ, ಸೂರ್ಯಾಸ್ತಕ್ಕೆ ಒಳ್ಳೆಯ ಜಾಗ. ಅದರಲ್ಲಿ ತಪ್ಪೇನಿಲ್ಲ, ಸೂರ್ಯಾಸ್ತ ನಿಜವಾಗಿಯೂ ಚೆನ್ನಾಗಿದೆ.

ಆದರೆ ಕೋಟೆಗಳು ಕಲ್ಲಾಗಿ ಮಾತ್ರ ಉಳಿದಿಲ್ಲ. ಕೆಳದಿಯವರ ಕಾಲದಲ್ಲಿ ಕೋಟೆ ಕಾಯಲು ಬಂದ ಸೈನಿಕರ ಸಂತತಿಯವರು, ಜನ 'ಕೋಟೆಯವರು' ಎಂದು ಕರೆಯುವ ರಾಮಕ್ಷತ್ರಿಯರು, ಬೇಕಲ, ಹೊಸದುರ್ಗ, ಕಾಸರಗೋಡಿನ ಸುತ್ತ ಈಗಲೂ ಇದ್ದಾರೆ. ಹೊಳೆಯ ತೆಂಕಣ ದಡದಲ್ಲಿ, ಸುತ್ತಲೂ ಮಲಯಾಳ ಕೇಳಿಸುವ ಬೀದಿಗಳಲ್ಲಿ, ಒಲೆಯ ಮುಂದೆ ಕನ್ನಡ ಆಡುತ್ತಾ ಬಂದ ಮನೆಗಳು ಅವು. ನಮ್ಮ ಉತ್ಸವಗಳಲ್ಲಿ ಆ ಮನೆಗಳ ಅಜ್ಜಿಯೊಬ್ಬಳ ಬಾಯಿಂದ ಕೋಟೆಯ ದೇವರ ಕತೆಯನ್ನೋ, ಮದುವೆಯ ಹಾಡನ್ನೋ ಹೇಳಿಸಿದ್ದು ನನಗೆ ನೆನಪಿಲ್ಲ. ಹಾಗೆಯೇ ಅದೇ ತೆಂಕಣ ಗುಡ್ಡಗಳಲ್ಲಿ ಮಾವಿಲರು ತುಳುವಿನದೇ ಒಂದು ಬಗೆಯನ್ನು ಆಡುತ್ತಾರೆ. ತುಳು ಚಂದ್ರಗಿರಿಯಲ್ಲಿ ನಿಂತಿತು, ಮಲಯಾಳ ಅಲ್ಲಿಂದ ಶುರುವಾಯಿತು ಎಂದು ನಕ್ಷೆಯ ಮೇಲೆ ಗೆರೆ ಎಳೆಯುವವರಿಗೆ ಅವರ ಮಾತು ಕೇಳಿಸಿದರೆ ಸೀಸದ ಕಡ್ಡಿ ಕೈಯಲ್ಲೇ ಉಳಿದೀತು.

ಕೆಲವು ವರ್ಷಗಳ ಹಿಂದೆ ಎಂಟನೆಯ ತರಗತಿಯ ಮಕ್ಕಳನ್ನು ಹೊಸದುರ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಬುರುಜಿನ ಬಳಿ ಒಬ್ಬ ಹುಡುಗ, ಮನೆಯಲ್ಲಿ ಮಲಯಾಳ ಆಡುವವನು, ಫಲಕದಲ್ಲಿ ಮಲಯಾಳದಲ್ಲಿ ಬರೆದಿದ್ದ ಹೆಸರನ್ನು 'ಹೋಸ್‌ದುರ್ಗ್' ಎಂದು ಓದಿ, ಹಾಗೆಂದರೇನು ಎಂದು ಕೇಳಿದ. ನಿಧಾನವಾಗಿ ಬಿಡಿಸಿ ಓದು ಎಂದೆ. 'ಹೊಸ... ದುರ್ಗ...' ಎಂದು ಎರಡು ಬಾರಿ ಹೇಳಿಕೊಂಡವನ ಮುಖ ಅರಳಿತು. 'ಹೊಸ ಕೋಟೆಯಾ ಮಾಷ್ಟ್ರೇ? ಇಷ್ಟು ಹಳತಾಗಿದೆಯಲ್ಲ!' ಎಂದು ನಕ್ಕ. ಎದುರಿನ ಚಹಾದಂಗಡಿಯವರಿಗೆ ನಮ್ಮ ನಗುವಿನ ಕಾರಣ ತಿಳಿಯಬೇಕಾಗಿತ್ತು. ಹುಡುಗನೇ ಮಲಯಾಳದಲ್ಲಿ ಬಿಡಿಸಿ ಹೇಳಿದ. ಅರುವತ್ತು ದಾಟಿದ ಆ ಮನುಷ್ಯ ಹುಟ್ಟಿ ಬೆಳೆದದ್ದು ಆ ಕೋಟೆಯ ನೆರಳಿನಲ್ಲೇ. ತಾಲೂಕಿನ ಹೆಸರೂ ಅದೇ, ರೇಶನ್ ಕಾರ್ಡಿನಲ್ಲೂ ಅದೇ. 'ಪುದಿಯ ಕೋಟ್ಟ' ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅವರು ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. ಯಾವ ಉತ್ಸವದ ಯಾವ ಗೋಷ್ಠಿಯೂ ನನಗೆ ಆ ಐದು ನಿಮಿಷಗಳಷ್ಟು ಗಡಿನಾಡಿನ ಚರಿತ್ರೆಯನ್ನು ತೋರಿಸಿಲ್ಲ. ಊರಿನ ಹೆಸರುಗಳು ಬದಲಾಗುತ್ತಿವೆ, ಫಲಕಗಳಲ್ಲಿ ಕನ್ನಡ ಅಳಿಯುತ್ತಿದೆ ಎಂದು ನಾವು ಠರಾವು ಮಾಡುತ್ತೇವೆ. ಠರಾವು ಬೇಕು, ಆಗಲಿ. ಆದರೆ ಹೆಸರಿನ ಅರ್ಥ ತಿಳಿದ ನೆರೆಯವನು ಅದನ್ನು ಕಾಯುವಷ್ಟು ಚೆನ್ನಾಗಿ ಠರಾವು ಕಾಯಲಾರದು.

ಇನ್ನೊಂದು ವಿಷಯಕ್ಕೆ ಬರುತ್ತೇನೆ. ಗಡಿನಾಡ ಕನ್ನಡವನ್ನು ಕಟ್ಟಿದವರು ಯಾರೆಂದು ಕೇಳಿದರೆ ನಮ್ಮ ಉತ್ಸವಗಳ ದ್ವಾರಗಳಿಗೆ, ವೇದಿಕೆಗಳಿಗೆ ಇಡುವ ಹೆಸರುಗಳೇ ಉತ್ತರ. ಮಂಜೇಶ್ವರದ ಗೋವಿಂದ ಪೈಗಳು ಹುಟ್ಟಿದ್ದು 1883ರಲ್ಲಿ. ಅವರ ಮನೆಮಾತು ಕೊಂಕಣಿ. ಎಷ್ಟೋ ಭಾಷೆಗಳನ್ನು ಬಲ್ಲ ಆ ಪಂಡಿತರು ಕ್ರಿಸ್ತನ ಕೊನೆಯ ದಿನವನ್ನೂ ಬುದ್ಧನ ಕೊನೆಯ ದಿನವನ್ನೂ ಕನ್ನಡದಲ್ಲಿ ಕಾವ್ಯವಾಗಿಸಿದರು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಪದವಿ ಕೊಟ್ಟದ್ದು ಅಂದಿನ ಮದರಾಸು ಸರಕಾರ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವಮಾನವಿಡೀ ಹೋರಾಡಿ, ನೂರು ವರ್ಷ ಬಾಳಿ, 2015ರಲ್ಲಿ ತೀರಿಕೊಂಡ ಅವರೇ ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರೂ ಹೌದು. ಈ ಸಂಗತಿಯನ್ನು ವೇದಿಕೆಯ ಮೇಲೆ ಎಷ್ಟು ಮಂದಿ ಹೇಳುತ್ತಾರೆ? ಹೋರಾಟದ ಪದ್ಯವನ್ನು ಮಾತ್ರ ಹಾಡಿಸಿ ಕೂರುತ್ತೇವೆ. ತಾಳಮದ್ದಳೆಯಲ್ಲಿ ಪ್ರಾಸಬದ್ಧ ಕನ್ನಡಕ್ಕೆ ಹೆಸರಾಗಿದ್ದ ಕುಂಬಳೆ ಸುಂದರ ರಾಯರ ಮನೆಮಾತು ಮಲಯಾಳ. ಯಕ್ಷಗಾನದಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕನ ಪಾತ್ರಕ್ಕೆ ಜೀವ ತುಂಬಿ ಎರಡು ಜಿಲ್ಲೆಗಳ ಮುಸ್ಲಿಮರ ಮನ ಗೆದ್ದ ಶೇಣಿ ಗೋಪಾಲಕೃಷ್ಣ ಭಟ್ಟರೂ ಈ ಮಣ್ಣಿನವರೇ.

ಇವರನ್ನೆಲ್ಲ ಒಟ್ಟಿಗೆ ನೋಡಿದರೆ ನಮ್ಮ ಕಡೆಯ ಕನ್ನಡದ ಗುಣ ತಿಳಿಯುತ್ತದೆ. ಒಳಮನೆಯಲ್ಲಿ ತುಳುವೋ ಕೊಂಕಣಿಯೋ ಮಲಯಾಳವೋ ಮರಾಟಿಯೋ ಬ್ಯಾರಿಯೋ; ಜಗಲಿಗೆ ಬಂದರೆ ಕನ್ನಡ. ಶಾಲೆಯ ಮಾತು, ಯಕ್ಷಗಾನದ ಆಟದ ಮಾತು, ಪತ್ರದ ಮಾತು, ಪಂಚಾಯಿತಿಕೆಯ ಮಾತು ಅದು. ಕುಂಬಳೆ ಸೀಮೆಯ ಹವ್ಯಕರಂತೆ ಒಳಗೂ ಹೊರಗೂ ಕನ್ನಡವೇ ಇರುವವರು ಇದ್ದಾರೆ, ಆದರೆ ಭಾಷೆಯನ್ನು ಹೊತ್ತವರು ಅವರೊಬ್ಬರೇ ಅಲ್ಲ. ಜಗಲಿಯ ಭಾಷೆ ಉಳಿಯಬೇಕಾದರೆ ಜಗಲಿಗೆ ಜನ ಬರಬೇಕು. ಮೊಗ್ರಾಲು ಮಾಪ್ಪಿಳಪ್ಪಾಟ್ಟಿನ, ಅಂದರೆ ಮಲಬಾರಿನ ಮುಸ್ಲಿಮರ ಹಾಡಿನ ಊರು, 'ಇಶಲ್ ಗ್ರಾಮ' ಎಂದೇ ಹೆಸರು ಪಡೆದದ್ದು, ಕುಂಬಳೆಯಿಂದ ಕೂಗಳತೆ. ಮೊಗ್ರಾಲಿನ ಹಾಡುಗಾರರು ನಮ್ಮ ಕನ್ನಡದ ಉತ್ಸವದಲ್ಲಿ ಹಾಡಿದರೆ ಕನ್ನಡಕ್ಕೆ ಏನು ಕಡಿಮೆಯಾಗುತ್ತದೆ? ಅವರ ಮನೆಯ ಮಕ್ಕಳಲ್ಲಿ ಕನ್ನಡ ಶಾಲೆಗೆ ಬಂದವರನ್ನು ನಾನೇ ಪಾಠ ಹೇಳಿ ಬಲ್ಲೆ.

ಈ ಮಾತಿಗೆ ಸಾಕ್ಷಿಯಾಗಿ ನಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಗದ್ದೆಯನ್ನು ಒಕ್ಕಲಿಗೆ ಕೊಟ್ಟ ಒಂದು ಹಳೆಯ ಚಾಲಗೇಣಿ ಚೀಟಿಯಿದೆ. ಗದ್ದೆಯ ನಾಲ್ಕು ದಿಕ್ಕಿನ ಎಲ್ಲೆ, ವರ್ಷಕ್ಕೆ ಕೊಡಬೇಕಾದ ಮುಡಿ ಅಕ್ಕಿಯ ಲೆಕ್ಕ, ಹೊರೆಕಾಣಿಕೆಯ ಬಾಳೆಗೊನೆ ಎಲ್ಲವೂ ಮೋಡಿಯಂಥ ಕನ್ನಡ ಅಕ್ಷರದಲ್ಲಿ. ಕೆಳಗೆ ಒಕ್ಕಲಿನವರ ರುಜು ಅರಬಿ ಮಲಯಾಳದಲ್ಲಿ, ಅಂದರೆ ಅರಬಿ ಲಿಪಿಯ ಮಲಯಾಳದಲ್ಲಿ. ಬರೆದುಕೊಟ್ಟವರು ಶಾನುಭಾಗರು, ಸಾಕ್ಷಿ ಹಾಕಿದವರಲ್ಲಿ ಒಬ್ಬರು ಹೆಬ್ಬೆಟ್ಟು ಒತ್ತಿದ್ದಾರೆ. ಅಂಗೈಯಗಲದ ಆ ಕಾಗದದಲ್ಲಿ ಕಾಸರಗೋಡು ಇಡಿಯಾಗಿ ಇದೆ. ಇಂಥ ಕಾಗದಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ, ಏಕೆಂದರೆ ಈಗಿನ ತಲೆಮಾರಿಗೆ ಅವುಗಳನ್ನು ಓದಲು ಬಾರದು. ಭೂಸುಧಾರಣೆಯ ನಂತರ ಅವುಗಳಿಂದ ಉಪಯೋಗವೂ ಇಲ್ಲ. ಉತ್ಸವದಲ್ಲಿ ಒಂದು ದಿನ, ಒಂದು ಶಾಲೆಯ ಕೋಣೆ, ನಾಲ್ಕು ಸ್ಕ್ಯಾನರು, ಹಳೆಯ ಕೈಬರಹ ಓದಬಲ್ಲ ಇಬ್ಬರು ಹಿರಿಯರು: ಮನೆಯಲ್ಲಿರುವ ಗೇಣಿಚೀಟಿ, ಓಲೆಗರಿ, ಪ್ರಸಂಗದ ಹಸ್ತಪ್ರತಿ, ಮದುವೆ ಕಾಗದ ಏನಿದ್ದರೂ ತನ್ನಿ, ಓದಿ ಹೇಳುತ್ತೇವೆ, ಪ್ರತಿ ತೆಗೆದು ಮೂಲವನ್ನು ಅಲ್ಲೇ ನಿಮ್ಮ ಕೈಗೆ ಕೊಡುತ್ತೇವೆ ಎಂದು ಊರಿಗೆ ತಿಳಿಸಿ ನೋಡಿ. ಒಬ್ಬ ಅತಿಥಿಯ ವಿಮಾನದ ಟಿಕೆಟು, ಹೋಟೆಲಿನ ಖರ್ಚಿನಲ್ಲಿ ಈ ಕೆಲಸ ಮುಗಿಯುತ್ತದೆ. ಸಭಾಭವನಕ್ಕೆ ಎಂದೂ ಕಾಲಿಡದ ಮನೆಗಳವರು ಅಂದು ಪೆಟ್ಟಿಗೆ ಹೊತ್ತು ಬರುತ್ತಾರೆ ಎಂಬ ನಂಬಿಕೆ ನನಗಿದೆ.

ಜನರನ್ನು ಕರೆಯುವ ರೀತಿಯನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಮಂಜೇಶ್ವರದ ಉದ್ಯಾವರ ಮಾಡ ಎಂಬ ದೈವಸ್ಥಾನದ ದೈವಗಳ ಪಾತ್ರಿಗಳು ವರ್ಷದ ಜಾತ್ರೆಗೆ ಮುನ್ನ ಒಂದು ಶುಕ್ರವಾರ ಪರಿವಾರ ಸಮೇತ ಅಲ್ಲಿನ ಮಸೀದಿಗೆ ನಡೆದುಹೋಗಿ ಜಮಾಅತಿನ ಹಿರಿಯರನ್ನು ಜಾತ್ರೆಗೆ ಕರೆಯುವ ಪದ್ಧತಿಯಿದೆ. ಅದನ್ನು ಸೌಹಾರ್ದದ ಪ್ರದರ್ಶನ ಎಂದು ಪತ್ರಿಕೆಗಳು ಬರೆಯುತ್ತವೆ. ಆ ಊರಿನವರಿಗೆ ಅದು ಕಟ್ಟುಕಟ್ಟಳೆ, ಮಾಡದಿದ್ದರೆ ಜಾತ್ರೆ ನಡೆಯದು. ನಾವು ಮಾತ್ರ ನಾಲ್ಕು ಪುಟದ ಬಣ್ಣದ ಆಮಂತ್ರಣವನ್ನು ವಾಟ್ಸಾಪಿಗೆ ಹಾಕಿ, ಹಾಲ್ ತುಂಬಲಿಲ್ಲ ಎಂದು ಶಾಲೆಗಳಿಗೆ ಫೋನು ಮಾಡಿ ಮಕ್ಕಳನ್ನು ತರಿಸುತ್ತೇವೆ. ಕುಂಬಳೆಯ ಜಾತ್ರೆಯನ್ನೇ ನೋಡಿ. ಜನವರಿಯ ಸಂಕ್ರಮಣಕ್ಕೆ ಕೊಡಿಯೇರಿ ಐದು ದಿನ ನಡೆಯುವ ಅದರಲ್ಲಿ ಸಿಡಿಮದ್ದು ಸುಡುವ 'ಕುಂಬಳೆ ಬೆಡಿ'ಯ ರಾತ್ರಿ ಗದ್ದೆ ಬಯಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಡಿಗೆ ಮುಖ್ಯ ಅತಿಥಿಗಳಿಲ್ಲ, ಸ್ವಾಗತ ಭಾಷಣವಿಲ್ಲ, ಧನ್ಯವಾದ ಸಮರ್ಪಣೆಯಂತೂ ಇಲ್ಲವೇ ಇಲ್ಲ. ಅಡೂರು, ಮಧೂರು, ಕಾವು, ಕಣ್ಯಾರ ಎಂದು ಕುಂಬಳೆ ಸೀಮೆಯ ನಾಲ್ಕು ದೇವಸ್ಥಾನಗಳನ್ನು ಒಂದೇ ಉಸಿರಿನಲ್ಲಿ ಎಣಿಸುವ ಹಿರಿಯರಿಗೆ ಸೀಮೆಯ ನಕ್ಷೆ ಬೇರೆ ಬೇಕಾಗಿರಲಿಲ್ಲ. ಜಾತ್ರೆಯ ದಾರಿಯೇ ನಕ್ಷೆ. ಕುಂಬಳೆ ಅರಸರು ಬಾಳಿದ ಮಾಯಿಪ್ಪಾಡಿಯ ಅರಮನೆ ಇದ್ದದ್ದು ಅಂಥದೇ ಒಂದು ದಾರಿಯ ಬದಿಯಲ್ಲಿ.

ತುಳುವಿನಲ್ಲಿ 'ಗಡಿ' ಎಂಬ ಮಾತಿಗೆ ಇನ್ನೊಂದು ಅರ್ಥವೂ ಇರುವುದನ್ನು ಇಲ್ಲಿ ನೆನಪಿಸಬಹುದು. ಗುತ್ತಿನ ಮನೆಯ ಹಿರಿತನವನ್ನು ವಹಿಸಿಕೊಳ್ಳುವುದಕ್ಕೆ 'ಗಡಿ ಹಿಡಿಯುವುದು' ಎನ್ನುತ್ತಾರೆ. ಗಡಿ ಹಿಡಿದವನು ದೈವದ ಮುಂದೆ ಊರಿನ ಪರವಾಗಿ ನಿಲ್ಲಬೇಕು, ಊರಿಗೆ ಉತ್ತರ ಹೇಳಬೇಕು. ಸಿಇಟಿ ಅರ್ಜಿಯಲ್ಲಿ 'ಗಡಿನಾಡು ಕನ್ನಡಿಗ' ಎಂಬ ಕಾಲಮಿನಲ್ಲಿ ಮಾತ್ರ ಗಡಿಯನ್ನು ಕಂಡ ನಮ್ಮ ಮಕ್ಕಳಿಗೆ ಈ ಅರ್ಥವನ್ನೂ ಹೇಳಿಕೊಡಬೇಕಾಗಿದೆ.

ಇನ್ನು 1956. ಆ ವರ್ಷದ ನವೆಂಬರ್ 1ರವರೆಗೆ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಅಂದಿನಿಂದ ಕೇರಳದ್ದು. ರಾಜ್ಯಗಳ ಗಡಿ ವಿವಾದ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ಕೊಟ್ಟ ವರದಿಯಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಹೇಳಿತು. ವರದಿ ವರದಿಯಾಗಿಯೇ ಉಳಿಯಿತು. ಅದನ್ನು ಜಾರಿ ಮಾಡಿ ಎಂದು ಕೂಗುತ್ತಾ ನಾನೂ ಯೌವನದಲ್ಲಿ ಮೆರವಣಿಗೆಯಲ್ಲಿ ನಡೆದಿದ್ದೇನೆ. ಅದಕ್ಕಾಗಿ ಈಗ ನಾಚಿಕೆಪಡುವುದೂ ಇಲ್ಲ. ನನ್ನ ಬೇಸರ ಬೇರೆ. ಪ್ರತಿ ಉತ್ಸವದಲ್ಲೂ ದೂರದ ಅತಿಥಿಯೊಬ್ಬರು 'ಕಾಸರಗೋಡು ನಮ್ಮದು' ಎಂದು ಗುಡುಗಿ ಚಪ್ಪಾಳೆ ಪಡೆದು ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಕೊರೋನಾದ ಹೆಸರಿನಲ್ಲಿ ಕರ್ನಾಟಕದ ಕಡೆಯಿಂದ ಗಡಿ ರಸ್ತೆಗಳಿಗೆ ಮಣ್ಣು ಸುರಿದು 'ನಮ್ಮದಲ್ಲದವರನ್ನು' ತಡೆದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಈ ಕಡೆಯ ರೋಗಿಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆ ವಾರಗಳ ನೆನಪೂ ಗಡಿನಾಡಿನ ಚರಿತ್ರೆಯೇ. ಅದರ ಬಗ್ಗೆ ಒಂದು ಮಾತನ್ನೂ ಆಡದ ಉತ್ಸವ 1956ರ ಬಗ್ಗೆ ಎಷ್ಟು ಗಟ್ಟಿಯಾಗಿ ಕೂಗಿದರೂ ಇಲ್ಲಿನ ಜನರ ಕಿವಿಗೆ ತಲುಪುವುದಿಲ್ಲ.

ನವೆಂಬರ್ 1ರ ಪೇಚನ್ನೂ ಹೇಳಿಬಿಡುತ್ತೇನೆ. ಆ ದಿನ ಕರ್ನಾಟಕಕ್ಕೆ ರಾಜ್ಯೋತ್ಸವ, ಕೇರಳಕ್ಕೆ ರಾಜ್ಯ ಹುಟ್ಟಿದ ದಿನವಾದ ಕೇರಳ ಪಿರವಿ. ನಮ್ಮ ಕನ್ನಡ ಮಾಧ್ಯಮದ ಹುಡುಗಿ ಬೆಳಗ್ಗೆ ಕಸವಿನ ಸೀರೆಯುಟ್ಟು ಶಾಲೆಯಲ್ಲಿ ಪಿರವಿಗೆ ನಿಂತು, ಸಂಜೆ ಹಳದಿ ಕೆಂಪು ಶಾಲು ಹೊದ್ದು ಸಂಘದ ಸಭೆಯಲ್ಲಿ ನಾಡಗೀತೆ ಹಾಡುತ್ತಾಳೆ. ನಾವು ದೊಡ್ಡವರು ಇದನ್ನು ದುರಂತವೆಂದು ವರ್ಣಿಸುತ್ತೇವೆ. ಅವಳನ್ನು ಕೇಳಿದರೆ ಸೀರೆಯ ಬಗ್ಗೆಯೂ ಹಾಡಿನ ಬಗ್ಗೆಯೂ ಸಂತೋಷವಾಗಿ ಮಾತಾಡುತ್ತಾಳೆ. ಅವಳಿಗೆ ಐದು ನಿಮಿಷ ಮೈಕು ಕೊಟ್ಟು, 'ನಿನ್ನ ನವೆಂಬರ್ ಒಂದು ಹೇಗಿತ್ತು?' ಎಂದು ಕೇಳಬಾರದೇಕೆ?

ಹಾಗಾದರೆ ಏನು ಮಾಡಬೇಕು ಎಂದು ತಾವು ಕೇಳಬಹುದು. ದೊಡ್ಡ ಯೋಜನೆಯೇನೂ ನನ್ನಲ್ಲಿಲ್ಲ. ಸಭಾಭವನ ಬಿಟ್ಟು ಹೊರಗೆ ಬನ್ನಿ: ಒಂದು ವರ್ಷ ಹೊಸದುರ್ಗದ ಕೋಟೆಯ ಬಳಿ, ಮತ್ತೊಂದು ವರ್ಷ ಕುಂಬಳೆಯ ಆರಿಕ್ಕಾಡಿ ಕೋಟೆಯ ಬುಡದಲ್ಲಿ, ಇನ್ನೊಂದು ವರ್ಷ ಮಂಜೇಶ್ವರದಲ್ಲಿ ಗೋವಿಂದ ಪೈಗಳ ನೆನಪಿಗೆ ಎದ್ದಿರುವ 'ಗಿಳಿವಿಂಡು'ವಿನ ಅಂಗಳದಲ್ಲಿ. ಕೋಟೆಗಳು ಸಂರಕ್ಷಿತ ಸ್ಮಾರಕಗಳಾದುದರಿಂದ ಅನುಮತಿಗೆ ತಿಂಗಳುಗಟ್ಟಲೆ ಅಲೆಯಬೇಕಾದೀತು. ಒಳಗೆ ಬಿಡದಿದ್ದರೆ ಹೊರಗಿನ ಬಯಲು ಸಾಕು. ಆ ಅನುಮತಿಗೆ ಎರಡು ರಾಜ್ಯಗಳ ಕಚೇರಿಗಳು ಪರಸ್ಪರ ಪತ್ರ ಬರೆಯುವಂತಾದರೆ ಅದೇ ಒಂದು ಲಾಭ. ಅಡಿಕೆ ಬೆಳೆಗಾರರು 1973ರಲ್ಲೇ ಎರಡೂ ರಾಜ್ಯಗಳಿಗೆ ಸೇರಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆಯನ್ನು ಕಟ್ಟಿ ಅರ್ಧ ಶತಮಾನ ನಡೆಸಿದ್ದಾರೆ. ಅಡಿಕೆಗೆ ಸಾಧ್ಯವಾದದ್ದು ಆಟಕ್ಕೆ ಏಕೆ ಆಗದು?

ಯಕ್ಷಗಾನಕ್ಕೆ ಇಡೀ ರಾತ್ರಿ ಕೊಡಿ, ಇಲ್ಲವೇ ಪಟ್ಟಿಯಿಂದ ಬಿಟ್ಟುಬಿಡಿ. ಇಪ್ಪತ್ತು ನಿಮಿಷದ ರಾವಣನಿಗಿಂತ ರಾವಣನಿಲ್ಲದಿರುವುದೇ ಮೇಲು. ನಿಮಿಷ ಉಳಿಸಬೇಕೆಂದಿದ್ದರೆ ಶಾಲು ಹಾರಗಳಲ್ಲಿ ಉಳಿಸಿ. ಎಡನೀರು ಮಠದ ಕೇಶವಾನಂದ ಭಾರತಿಗಳ ಹೆಸರನ್ನು ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಸಂವಿಧಾನದ ಮೂಲರಚನೆಯ ಕುರಿತ 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಲ್ಲರು. ನಾವು ಬಲ್ಲದ್ದು ಭಾಗವತಿಕೆಗೆ ಕುಳಿತ, ಆಟವೆಂದರೆ ಪ್ರಾಣ ಬಿಡುತ್ತಿದ್ದ ಸ್ವಾಮಿಗಳನ್ನು. ಆಟಕ್ಕೆ ಆ ಬಗೆಯ ಪೋಷಣೆ ಸಿಕ್ಕಿದ ಸೀಮೆಯಲ್ಲಿ ಚೌಕಿಯವರನ್ನು ಗಡಿಯಾರ ತೋರಿಸಿ ಎಬ್ಬಿಸುವುದು ಚೆಂದವಲ್ಲ.

ಅನುದಾನ ನೀಡುವ ಅಧಿಕಾರಿಗಳಲ್ಲಿ ಪ್ರತ್ಯೇಕವಾಗಿ ಒಂದು ವಿನಂತಿ. ಉತ್ಸವದ ನಂತರ ತಾವು ಕೇಳುವ ದಾಖಲೆಗಳು ಉದ್ಘಾಟನೆಯ ಛಾಯಾಚಿತ್ರ, ಪತ್ರಿಕಾ ವರದಿ, ಶಾಮಿಯಾನ, ಧ್ವನಿವರ್ಧಕ, ಸ್ಮರಣಿಕೆಗಳ ಬಿಲ್ಲು. ಕೇಳಿದ್ದನ್ನೇ ಸಂಘಟಕರು ಒದಗಿಸುತ್ತಾರೆ. ಆದುದರಿಂದ ಉತ್ಸವವೂ ಆ ಬಿಲ್ಲುಗಳ ಆಕಾರವನ್ನೇ ತಾಳುತ್ತದೆ. ಮುಂದಿನ ಸಲ ಬೇರೆ ಮೂರನ್ನು ಕೇಳಿ ನೋಡಿ: ಪ್ರತಿ ಮಾಡಿದ ಹಳೆಯ ಕಾಗದಗಳ ಪಟ್ಟಿ, ಧ್ವನಿಮುದ್ರಿಸಿದ ಹಿರಿಯರ ಮಾತು, ಊರಿನ ಎಷ್ಟು ಭಾಷೆಯವರು ರಂಗಕ್ಕೆ ಬಂದರು ಎಂಬ ವಿವರ. ಕರ್ನಾಟಕದಿಂದ ಬರುವ ಅತಿಥಿಗಳು ಬೇಡವೆಂದಲ್ಲ, ಅವರು ನೆಂಟರು. ಬಂದರೆ ಮುಂದಿನ ಸಾಲಿನಲ್ಲಿ ಕುಳಿತು ಆಟ ಮುಗಿಯುವವರೆಗೆ ನೋಡಲಿ, ಬೆಳಗ್ಗಿನ ಚಹಾ ನಮ್ಮ ಮನೆಯಲ್ಲೇ ಆಗಲಿ.

ಮೊದಲ ಪ್ರಯೋಗಕ್ಕೆ ಹೊಸದುರ್ಗವನ್ನೇ ಆರಿಸಿಕೊಳ್ಳಬೇಕೆಂದು ನನ್ನ ಕೋರಿಕೆ. ಹೋದ ತಿಂಗಳು ಆ ಕಡೆ ಹೋಗಿದ್ದಾಗ ಚಹಾದಂಗಡಿಯವರಿಗೆ ವಿಷಯ ತಿಳಿಸಿ ಬಂದಿದ್ದೇನೆ. ಎಷ್ಟು ಜನರಾಗಬಹುದು ಎಂದು ಕೇಳಿದರು, ಹಾಲು ಮೊದಲೇ ಹೇಳಿಡಬೇಕಂತೆ. ತಮ್ಮಿಂದ ಒಂದು ಸಂಖ್ಯೆ ಬಂದರೆ ಅವರಿಗೆ ತಲುಪಿಸುತ್ತೇನೆ.

ಇತಿ,
ಕುಂಬಳೆ ಸೀಮೆಯ ಒಬ್ಬ ನಿವೃತ್ತ ಕನ್ನಡ ಅಧ್ಯಾಪಕ